ಕಡಿಮೆ ಬಂಡವಾಳದ ಒಂದು ಚಿತ್ರ, ನಾಲ್ಕು ವರ್ಷಗಳ ದಾಸ್ತಾನು ಮತ್ತು ಒಂದು ಅಕ್ಷರದ ಮುದ್ರೆ

ಸರಕು ಸಿದ್ಧವಾಗಿದೆ, ಅಂದಾಜು ವೆಚ್ಚ ಮೀರಿಲ್ಲ, ತಯಾರಿಕೆಯಲ್ಲಿ ದೋಷವಿಲ್ಲ. ಆದರೂ ಮಾರುಕಟ್ಟೆಯ ಬಾಗಿಲು ತೆರೆಯುವುದಿಲ್ಲ. ಇಂತಹ ಸ್ಥಿತಿಯು ನಮ್ಮ ಸದಸ್ಯರಲ್ಲಿ ಅನೇಕರಿಗೆ ಅಪರಿಚಿತವಲ್ಲ. ಗಿರಾಕಿ ಬೇಡವೆಂದದ್ದರಿಂದ ಮಾಲು ನಿಂತರೆ ಅದಕ್ಕೆ ಪರಿಹಾರ ಹುಡುಕಬಹುದು. ಗಿರಾಕಿಯ ಬಳಿಗೆ ಮಾಲು ತಲುಪುವ ಮೊದಲೇ ನಡುವೆ ನಿಂತವರು ಅದಕ್ಕೆ ಒಂದು ಮುದ್ರೆಯನ್ನೊತ್ತಿ ಪಕ್ಕಕ್ಕೆ ಸರಿಸಿದರೆ ಏನು ಮಾಡಬೇಕೆಂಬುದು ಬೇರೆಯೇ ಪ್ರಶ್ನೆ. ಈ ಪ್ರಶ್ನೆಯನ್ನು ಬಿಡಿಸಿ ನೋಡಲು ಅಮೆರಿಕದ ಒಂದು ಚಲನಚಿತ್ರದ ವ್ಯವಹಾರವನ್ನು ಇಲ್ಲಿ ಆರಿಸಿಕೊಳ್ಳಲಾಗಿದೆ. ಚಿತ್ರದ ಹೆಸರು 'ಹೆನ್ರಿ: ಪೋರ್ಟ್ರೇಟ್ ಆಫ್ ಎ ಸೀರಿಯಲ್ ಕಿಲ್ಲರ್'. 1985ರಲ್ಲಿ ಚಿತ್ರೀಕರಣಗೊಂಡು 1986ರಲ್ಲಿ ಮೊದಲ ಬಾರಿಗೆ ಪ್ರದರ್ಶಿತವಾದ ಈ ಚಿತ್ರವು ಚಿತ್ರಮಂದಿರಗಳಿಗೆ ವಿಧಿವತ್ತಾಗಿ ಬಂದದ್ದು 1990ರ ಜನವರಿಯಲ್ಲಿ.

ಕಥಾವಸ್ತು ಸರಣಿ ಹಂತಕನೊಬ್ಬನದು. ಮನೆಮಂದಿಯೊಡನೆ ಕುಳಿತು ನೋಡುವ ಚಿತ್ರ ಇದಲ್ಲ; ನೋಡಿರೆಂದು ಶಿಫಾರಸು ಮಾಡುವುದೂ ಈ ಲೇಖನದ ಉದ್ದೇಶವಲ್ಲ. ನಮ್ಮ ಗಮನವಿರುವುದು ಅದರ ಲೆಕ್ಕಪುಸ್ತಕದ ಮೇಲೆ.

ಹಣ ಹೂಡಿದವರು ಯಾರು?

ಚಿತ್ರಕ್ಕೆ ಹಣ ಹೂಡಿದವರು ಹಾಲಿವುಡ್ಡಿನವರಲ್ಲ. ಶಿಕಾಗೊ ನಗರದ ಸಮೀಪದಲ್ಲಿ ವಿಡಿಯೋ ವ್ಯವಹಾರ ನಡೆಸುತ್ತಿದ್ದ ಮಲಿಕ್ ಅಲಿ ಮತ್ತು ವಲೀದ್ ಅಲಿ ಎಂಬ ಸಹೋದರರು. ಅವರ ಸಂಸ್ಥೆ ಮಾಲ್‌ಜ್ಯಾಕ್ ಪ್ರೊಡಕ್ಷನ್ಸ್. ವಿಡಿಯೋ ಮಾರಾಟದಲ್ಲಿ ಎಂ.ಪಿ.ಐ. ಎಂಬ ಹೆಸರು. ನಿರ್ದೇಶಕ ಜಾನ್ ಮೆಕ್‌ನಾಟನ್ ಇವರಿಗೆ ಪರಿಚಿತನಾದದ್ದು ಕಲಾವಿದನಾಗಿ ಅಲ್ಲ, ಇವರ ಬಾಡಿಗೆ ಉಪಕರಣಗಳನ್ನು ಗಿರಾಕಿಗಳಿಗೆ ತಲುಪಿಸುವ ಕೆಲಸಗಾರನಾಗಿ. 1984ರಲ್ಲಿ ಅವನಿಂದ ಶಿಕಾಗೊದ ಹಳೆಯ ಪಾತಕಿಗಳ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡಿಸಿದರು. ಅದು ತಕ್ಕಮಟ್ಟಿಗೆ ಓಡಿತು. ಮುಂದೆ 1950ರ ದಶಕದ ಕುಸ್ತಿ ಪಂದ್ಯಗಳ ಬಗ್ಗೆ ಇನ್ನೊಂದು ಚಿತ್ರ ಮಾಡುವ ಮಾತಾಯಿತು. ಹಳೆಯ ಕುಸ್ತಿ ದೃಶ್ಯಗಳ ಮಾಲೀಕನು ಕೊನೆಯ ಗಳಿಗೆಯಲ್ಲಿ ಬೆಲೆಯನ್ನು ಇಮ್ಮಡಿ ಮಾಡಿದ್ದರಿಂದ ವ್ಯಾಪಾರ ಮುರಿಯಿತು. ಆಗ ವಲೀದ್ ಅಲಿ ಮೆಕ್‌ನಾಟನ್‌ನನ್ನು ಕರೆದು, 1 ಲಕ್ಷ 10 ಸಾವಿರ ಡಾಲರ್ ಕೊಡುತ್ತೇನೆ, ಒಂದು ಭಯಾನಕ ಚಿತ್ರ ಮಾಡಿಕೊಡು ಎಂದು ಹೇಳಿದರು. ಅಂದಿನ ವಿನಿಮಯ ದರದಲ್ಲಿ ಇದು ಸುಮಾರು 13-14 ಲಕ್ಷ ರೂಪಾಯಿ.

ವಿಡಿಯೋ ಮಾರುವವನು ಚಿತ್ರ ತಯಾರಿಸಲು ಏಕೆ ಹೊರಟನೆಂಬುದನ್ನು ತಿಳಿಯಬೇಕಾದರೆ ಆ ಕಾಲದ ಮಾರುಕಟ್ಟೆಯನ್ನು ನೋಡಬೇಕು. 1980ರ ದಶಕದಲ್ಲಿ ಅಮೆರಿಕದ ಊರೂರಿನಲ್ಲಿ ವಿಡಿಯೋ ಕ್ಯಾಸೆಟ್ ಬಾಡಿಗೆ ಅಂಗಡಿಗಳು ತೆರೆದವು. ಅಂಗಡಿಯವನು ಒಂದು ಕ್ಯಾಸೆಟ್ಟನ್ನು ದುಬಾರಿ ಬೆಲೆ ತೆತ್ತು ಕೊಂಡು, ದಿನಬಾಡಿಗೆಯ ಮೂಲಕ ಆ ಹಣವನ್ನು ಮರಳಿ ಪಡೆಯುತ್ತಿದ್ದನು. ಕಪಾಟು ತುಂಬಲು ಹೊಸ ಹೊಸ ಹೆಸರುಗಳು ಬೇಕಾಗಿದ್ದವು. ದೊಡ್ಡ ಸ್ಟುಡಿಯೋಗಳ ಚಿತ್ರಗಳ ವಿಡಿಯೋ ಹಕ್ಕು ಸಣ್ಣ ಸಂಸ್ಥೆಗಳ ಕೈಗೆಟುಕುವಂತಿರಲಿಲ್ಲ. ಆದುದರಿಂದ ಸ್ವಂತ ಮಾಲನ್ನು ಅಗ್ಗವಾಗಿ ತಯಾರಿಸಿಕೊಳ್ಳುವುದೇ ಲೇಸೆಂದು ಅವು ಬಗೆದವು. ಭಯಾನಕ ಚಿತ್ರಕ್ಕೆ ಹೆಸರಾಂತ ನಟರು ಬೇಕಿಲ್ಲ. ಅದಕ್ಕೆ ಖಾಯಂ ಗಿರಾಕಿಗಳಿದ್ದಾರೆ. ಸುಮಾರು 3 ಲಕ್ಷ 25 ಸಾವಿರ ಡಾಲರ್ ವೆಚ್ಚದ 'ಹ್ಯಾಲೋವೀನ್' ಚಿತ್ರವು 1978ರಲ್ಲಿ ಅಮೆರಿಕದಲ್ಲೇ ಸುಮಾರು 4 ಕೋಟಿ 70 ಲಕ್ಷ ಡಾಲರ್ ಗಳಿಸಿದ ಸಂಗತಿ ಎಲ್ಲರ ನೆನಪಿನಲ್ಲಿತ್ತು.

ವೆಚ್ಚ ಉಳಿಸಿದ ಬಗೆ

ಇಷ್ಟು ಹಣದಲ್ಲಿ ಭೂತವನ್ನಾಗಲೀ ಅನ್ಯಗ್ರಹದ ಪ್ರಾಣಿಯನ್ನಾಗಲೀ ತೋರಿಸಲು ಸಾಧ್ಯವಿರಲಿಲ್ಲ. ಮೆಕ್‌ನಾಟನ್ ದೂರದರ್ಶನದ ಒಂದು ಸುದ್ದಿ ಕಾರ್ಯಕ್ರಮದಲ್ಲಿ ಹೆನ್ರಿ ಲೀ ಲ್ಯೂಕಸ್ ಎಂಬ ಕೈದಿಯ ವೃತ್ತಾಂತವನ್ನು ಕಂಡನು. ನೂರಾರು ಕೊಲೆಗಳನ್ನು ತಾನೇ ಮಾಡಿದೆನೆಂದು ಒಪ್ಪಿಕೊಂಡಿದ್ದ ವ್ಯಕ್ತಿ ಆತ. (ಆ ತಪ್ಪೊಪ್ಪಿಗೆಗಳಲ್ಲಿ ಹೆಚ್ಚಿನವು ಸುಳ್ಳೆಂದು ಮುಂದೆ ತಿಳಿದುಬಂದಿತು. 1998ರಲ್ಲಿ ಅವನ ಮರಣದಂಡನೆಯನ್ನು ಜೀವಾವಧಿಗೆ ಇಳಿಸಲಾಯಿತು. 2001ರಲ್ಲಿ ಅವನು ಸೆರೆಮನೆಯಲ್ಲೇ ಸತ್ತನು.) ಮನುಷ್ಯನೇ ಭಯಾನಕನಾದರೆ ವೇಷಭೂಷಣದ ವೆಚ್ಚವೇ ಇಲ್ಲವಲ್ಲ! ರಿಚರ್ಡ್ ಫೈರ್ ಎಂಬ ರಂಗಕರ್ಮಿಯೊಡನೆ ಕೂಡಿ ಅವನು ಚಿತ್ರಕಥೆ ಬರೆದನು.

ಚಿತ್ರೀಕರಣ ನಡೆದದ್ದು 28 ದಿನ, 16 ಮಿಲಿಮೀಟರ್ ಫಿಲ್ಮಿನಲ್ಲಿ. 35 ಮಿಲಿಮೀಟರಿಗೆ ಹೋಲಿಸಿದರೆ ಕಚ್ಚಾ ಫಿಲ್ಮು, ಸಂಸ್ಕರಣೆ, ಕ್ಯಾಮೆರಾ ಬಾಡಿಗೆ ಎಲ್ಲವೂ ಅಗ್ಗ. ನಟರು ಶಿಕಾಗೊದ ರಂಗಭೂಮಿಯವರು. ನಾಯಕ ಪಾತ್ರದ ಮೈಕೆಲ್ ರೂಕರ್ ಆಗ ಕಟ್ಟಡದ ಕಾವಲು-ಕಸಗುಡಿಸುವ ಕೆಲಸದಲ್ಲಿದ್ದನು. ಆ ಕೆಲಸದ ಉಡುಪನ್ನೇ ಚಿತ್ರದಲ್ಲಿಯೂ ತೊಟ್ಟನು. ಅವನ ಬಳಿ ಇದ್ದದ್ದು ಒಂದೇ ಜಾಕೀಟು. ಕೃತಕ ರಕ್ತದ ಕಲೆ ತಾಗಿದರೆ ಮರುದಿನಕ್ಕೆ ಬೇರೊಂದಿಲ್ಲವೆಂದು, ಕೊಲೆಯ ದೃಶ್ಯಗಳಿಗೆ ಮೊದಲು ಅವನು ಅದನ್ನು ಕಳಚಿಡುತ್ತಿದ್ದನು. ಮೇರಿ ಡೆಮಾಸ್ ಎಂಬ ಒಬ್ಬಳೇ ನಟಿ ಕೊಲೆಗೀಡಾದ ಮೂವರು ಬೇರೆ ಬೇರೆ ಹೆಂಗಸರ ಪಾತ್ರ ವಹಿಸಿದಳು. ಸಣ್ಣ ಕಾರ್ಖಾನೆ ನಡೆಸುವವರಿಗೆ ಈ ವಿವರಗಳಲ್ಲಿ ತಮ್ಮದೇ ದಿನಚರಿಯ ಛಾಯೆ ಕಾಣಿಸಿದರೆ ಆಶ್ಚರ್ಯವಿಲ್ಲ.

ಮಿತವ್ಯಯವು ಚಿತ್ರದ ಗುಣವನ್ನೇ ರೂಪಿಸಿತೆಂಬುದು ಇಲ್ಲಿನ ಮುಖ್ಯ ಅಂಶ. ಚಿತ್ರದ ಆರಂಭದಲ್ಲಿ ಕೊಲೆ ನಡೆಯುವುದನ್ನು ತೋರಿಸುವುದಿಲ್ಲ. ಕೊಲೆಯಾದವರ ನಿಶ್ಚಲ ದೇಹಗಳ ಮೇಲೆ ಕ್ಯಾಮೆರಾ ನಿಧಾನವಾಗಿ ಸರಿಯುತ್ತದೆ. ಹಿನ್ನೆಲೆಯಲ್ಲಿ ಆ ಗಳಿಗೆಯ ಕೂಗು ಮಾತ್ರ ಕೇಳಿಸುತ್ತದೆ. ಸಾಹಸ ದೃಶ್ಯಕ್ಕೆ ತಗಲುವ ಖರ್ಚು ಇದರಿಂದ ಉಳಿಯಿತು. ಪರಿಣಾಮವಂತೂ ಹತ್ತುಪಟ್ಟು ಹೆಚ್ಚಿತು. ಇನ್ನೊಂದು ದೃಶ್ಯದಲ್ಲಿ ಹೆನ್ರಿ ಮತ್ತು ಅವನ ಸಂಗಡಿಗ ಓಟಿಸ್ ಒಂದು ಕುಟುಂಬವನ್ನು ಕೊಲ್ಲುತ್ತ ಅದನ್ನು ಕೈಯಲ್ಲಿ ಹಿಡಿಯುವ ವಿಡಿಯೋ ಕ್ಯಾಮೆರಾದಿಂದ ಸೆರೆಹಿಡಿಯುತ್ತಾರೆ. ನಾವು ಆ ಘಟನೆಯನ್ನು ನೋಡುವುದು ಅವರ ಮನೆಯ ಟಿ.ವಿ. ಪರದೆಯ ಮೇಲೆ. ದೃಶ್ಯ ಮುಗಿದಾಗ, ಅವರಿಬ್ಬರೂ ಸೋಫಾದಲ್ಲಿ ಕುಳಿತು ನೋಡುತ್ತಿದ್ದಾರೆಂದೂ ನಾವೂ ಅವರ ಸಾಲಿನಲ್ಲೇ ಕುಳಿತು ನೋಡಿದೆವೆಂದೂ ಅರಿವಾಗುತ್ತದೆ. ಇಡೀ ಚಿತ್ರದಲ್ಲಿ ಅತ್ಯಂತ ಅಗ್ಗದ ಸಾಧನದಿಂದ ತೆಗೆದ ಈ ಭಾಗದ ಬಗ್ಗೆಯೇ ಮುಂದೆ ಅತಿ ಹೆಚ್ಚು ಚರ್ಚೆ ನಡೆಯಿತು.

ಗೋದಾಮಿನಲ್ಲಿ ಕಳೆದ ಕಾಲ

ಚಿತ್ರವನ್ನು ನೋಡಿದ ಅಲಿ ಸಹೋದರರು ನಿರಾಶರಾದರು. ಅವರು ಅಪೇಕ್ಷಿಸಿದ್ದು ರೂಢಿಯ ಭಯಾನಕ ಚಿತ್ರವನ್ನು: ಮುಖವಾಡ, ಬೆನ್ನಟ್ಟುವಿಕೆ, ಕೊನೆಗೆ ದುಷ್ಟನ ಅಂತ್ಯ. ಕೈಗೆ ಬಂದದ್ದು ಬೇರೆ. ಈ ಚಿತ್ರದಲ್ಲಿ ಹಂತಕನನ್ನು ಹುಡುಕುವ ಪೊಲೀಸ್ ಅಧಿಕಾರಿಯಿಲ್ಲ, ಶಿಕ್ಷೆಯಿಲ್ಲ, ಕಾರಣದ ವಿವರಣೆಯೂ ಸ್ಪಷ್ಟವಿಲ್ಲ. ಕೀಟನಾಶಕ ಸಿಂಪಡಿಸುವ ಕೆಲಸ ಮಾಡುವ ಒಬ್ಬ ಸಾಮಾನ್ಯನು ದಿನಸಿ ತರುವಷ್ಟೇ ಸಲೀಸಾಗಿ ಕೊಲ್ಲುತ್ತ ಹೋಗುತ್ತಾನೆ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಕೊಟ್ಟ ಆದೇಶಕ್ಕೂ ಬಂದ ಮಾಲಿಗೂ ತಾಳೆಯಾಗಲಿಲ್ಲ. 1986ರ ಶಿಕಾಗೊ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಒಮ್ಮೆ ತೋರಿಸಿದ ನಂತರ ಚಿತ್ರ ಕಪಾಟು ಸೇರಿತು.

ದಾಸ್ತಾನಿಗೆ ಬಡ್ಡಿ ಓಡುತ್ತಲೇ ಇರುತ್ತದೆ. 1 ಲಕ್ಷ 10 ಸಾವಿರ ಡಾಲರಿಗೆ ವರ್ಷಕ್ಕೆ ಶೇಕಡಾ 10ರಂತೆ ಚಕ್ರಬಡ್ಡಿ ಹಾಕಿ ನೋಡಿದರೆ ನಾಲ್ಕು ವರ್ಷಗಳಲ್ಲಿ ಅಸಲು 1 ಲಕ್ಷ 61 ಸಾವಿರ ಡಾಲರ್ ದಾಟುತ್ತದೆ. ಇದು ನಮ್ಮ ಲೆಕ್ಕವೇ ಹೊರತು ಆ ಸಂಸ್ಥೆಯದಲ್ಲ. ಆದರೆ ಕಡಿಮೆ ಬಂಡವಾಳದ ಸರಕು ನಿಂತರೆ ನಷ್ಟವೂ ಕಡಿಮೆಯೆಂದು ಭಾವಿಸುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದೊಳ್ಳೆಯದು.

ಕಪಾಟಿನಿಂದ ಚಿತ್ರವನ್ನು ಹೊರತಂದವರಲ್ಲಿ ಸಂಸ್ಥೆಯ ಪ್ರಚಾರ ವಿಭಾಗಕ್ಕೆ ಸೇರಿದ ಚಕ್ ಪರೆಲ್ಲೊ ಪ್ರಮುಖನು. ಇದು ಬರಿಯ ವಿಡಿಯೋ ಅಂಗಡಿಯ ಸರಕಲ್ಲವೆಂದು ಅವನು ಮಾಲೀಕರಿಗೆ ಮನಗಾಣಿಸಿದನು. ವಿಮರ್ಶಕರಿಗೆ ತೋರಿಸುವ, ನಡುರಾತ್ರಿಯ ಪ್ರದರ್ಶನಗಳನ್ನು ಏರ್ಪಡಿಸುವ ಕೆಲಸ ನಡೆಯಿತು. ಸಾಕ್ಷ್ಯಚಿತ್ರ ನಿರ್ದೇಶಕ ಎರಲ್ ಮಾರಿಸ್ ಅವರ ಶಿಫಾರಸಿನಿಂದ 1989ರಲ್ಲಿ ಟೆಲ್ಯುರೈಡ್ ಚಲನಚಿತ್ರೋತ್ಸವಕ್ಕೆ ಚಿತ್ರ ಹೋಯಿತು. ಅಲ್ಲಿ ಪ್ರೇಕ್ಷಕರಲ್ಲಿ ಕೆಲವರು ನಡುವೆಯೇ ಎದ್ದು ಹೋದರು.

ಮುದ್ರೆಯ ಪ್ರಶ್ನೆ

ಇಷ್ಟರಲ್ಲಿ ದೊಡ್ಡ ಅಡ್ಡಿಯೊಂದು ಎದುರಾಗಿತ್ತು. ಅಮೆರಿಕದಲ್ಲಿ ಚಿತ್ರಗಳಿಗೆ ದರ್ಜೆ ನೀಡುವುದು ಸರಕಾರವಲ್ಲ, ಆಗ ಎಂ.ಪಿ.ಎ.ಎ. ಎಂಬ ಹೆಸರಿದ್ದ ನಿರ್ಮಾಪಕ ಸಂಸ್ಥೆಗಳ ಸಂಘ. ಹೇಳಬೇಕೆಂದರೆ ಅದೂ ನಮ್ಮ ಹಾಗೆಯೇ ಒಂದು ವ್ಯಾಪಾರಿ ಸಂಘವೇ. ಅದರ ಸದಸ್ಯರು ಮಾತ್ರ ದೊಡ್ಡ ಸ್ಟುಡಿಯೋಗಳು. 1968ರಲ್ಲಿ ಈ ಪದ್ಧತಿ ಆರಂಭವಾಯಿತು. ಕಾನೂನಿನ ಪ್ರಕಾರ ದರ್ಜೆ ಪಡೆಯುವುದು ಐಚ್ಛಿಕ. ವ್ಯವಹಾರದಲ್ಲಿ ಹಾಗಿಲ್ಲ, ದರ್ಜೆಯಿಲ್ಲದ ಚಿತ್ರವನ್ನು ಹೆಚ್ಚಿನ ಚಿತ್ರಮಂದಿರಗಳು ಕೊಳ್ಳುವುದಿಲ್ಲ.

'ಹೆನ್ರಿ'ಗೆ ಸಿಕ್ಕಿದ್ದು 'ಎಕ್ಸ್' ದರ್ಜೆ. ಯಾವ ದೃಶ್ಯವನ್ನು ಕತ್ತರಿಸಿದರೂ 'ಆರ್' ದರ್ಜೆ ದೊರೆಯದು, ಆಕ್ಷೇಪವಿರುವುದು ಚಿತ್ರದ ಒಟ್ಟು ನೈತಿಕ ಧಾಟಿಗೇ ಎಂಬ ಉತ್ತರ ಬಂದಿತೆಂದು ಮೆಕ್‌ನಾಟನ್ ಸಂದರ್ಶನಗಳಲ್ಲಿ ಹೇಳಿದ್ದಾನೆ. ತಯಾರಕರಿಗೆ ಇದಕ್ಕಿಂತ ಕಷ್ಟದ ಉತ್ತರ ಇನ್ನೊಂದಿಲ್ಲ. ತೂಕ ಕಡಿಮೆ ಎಂದರೆ ತುಂಬಬಹುದು, ಬಣ್ಣ ಹೆಚ್ಚು ಎಂದರೆ ತಗ್ಗಿಸಬಹುದು. ಮಾಲಿನ ಸ್ವಭಾವವೇ ಸರಿಯಿಲ್ಲ ಎಂದರೆ ಯಾವುದನ್ನು ತಿದ್ದುವುದು?

'ಎಕ್ಸ್' ಎಂಬ ಅಕ್ಷರ ಏಕೆ ಮಾರಕವಾಯಿತೆಂಬುದು ವರ್ತಕರಿಗೆ ವಿಶೇಷ ಆಸಕ್ತಿಯ ವಿಷಯ. ಆರಂಭದಲ್ಲಿ ಅದು ಕಳಂಕವಾಗಿರಲಿಲ್ಲ. ವಯಸ್ಕರಿಗೆ ಮಾತ್ರ ಎಂಬುದಷ್ಟೇ ಅದರ ಅರ್ಥ. ಎಕ್ಸ್ ದರ್ಜೆಯ 'ಮಿಡ್‌ನೈಟ್ ಕೌಬಾಯ್' 1969ರ ಅತ್ಯುತ್ತಮ ಚಿತ್ರವೆಂದು ಆಸ್ಕರ್ ಪ್ರಶಸ್ತಿ ಪಡೆಯಿತು. ಆದರೆ ಸಂಘವು ತನ್ನ ಉಳಿದ ದರ್ಜೆಗಳನ್ನು ವ್ಯಾಪಾರ ಚಿಹ್ನೆಗಳಾಗಿ ನೋಂದಾಯಿಸಿ, 'ಎಕ್ಸ್' ಒಂದನ್ನು ನೋಂದಾಯಿಸದೆ ಬಿಟ್ಟಿತು. ಪರಿಣಾಮವಾಗಿ ಯಾರು ಬೇಕಾದರೂ ತಮ್ಮ ಚಿತ್ರಕ್ಕೆ ತಾವೇ ಆ ಮುದ್ರೆ ಹಾಕಿಕೊಳ್ಳಬಹುದಾಯಿತು. ಅಶ್ಲೀಲ ಚಿತ್ರಗಳನ್ನು ತೆಗೆಯುವವರು ಅದನ್ನು ಒಂದಲ್ಲ, ಮೂರು ಬಾರಿ ಮುದ್ರಿಸಿ ಜಾಹೀರಾತು ಮಾಡಿಕೊಂಡರು. 1980ರ ದಶಕದ ಹೊತ್ತಿಗೆ ಅನೇಕ ಪತ್ರಿಕೆಗಳು ಎಕ್ಸ್ ಚಿತ್ರಗಳ ಜಾಹೀರಾತು ಸ್ವೀಕರಿಸುತ್ತಿರಲಿಲ್ಲ. ಅನೇಕ ಚಿತ್ರಮಂದಿರಗಳು ಅವುಗಳಿಗೆ ಜಾಗ ಕೊಡುತ್ತಿರಲಿಲ್ಲ. ನಮ್ಮಲ್ಲಿ ಐ.ಎಸ್.ಐ. ಅಥವಾ ಅಗ್‌ಮಾರ್ಕ್ ಮುದ್ರೆಯನ್ನು ಪರವಾನಗಿಯಿಲ್ಲದೆ ಹಾಕುವುದು ಅಪರಾಧ. ಕಾನೂನಿನ ಅಂಥ ರಕ್ಷಣೆಯಿಲ್ಲದ ಮುದ್ರೆಯು ಅದನ್ನು ಅತಿ ಹೆಚ್ಚು ಬಳಸುವವರ ಮಟ್ಟಕ್ಕೆ ಇಳಿಯುತ್ತದೆಂಬುದಕ್ಕೆ 'ಎಕ್ಸ್' ಒಳ್ಳೆಯ ನಿದರ್ಶನ.

ಕಡೆಗೆ 'ಹೆನ್ರಿ'ಯನ್ನು ದರ್ಜೆಯಿಲ್ಲದೆಯೇ ಗ್ರೇಕ್ಯಾಟ್ ಫಿಲ್ಮ್ಸ್ ಎಂಬ ಸಣ್ಣ ವಿತರಕ ಸಂಸ್ಥೆಯ ಮೂಲಕ ಬಿಡುಗಡೆ ಮಾಡಲಾಯಿತು. ಅದೇ 1990ರಲ್ಲಿ ಪೀಟರ್ ಗ್ರೀನವೇ, ಪೆದ್ರೊ ಅಲ್ಮೊದೊವಾರ್ ಮೊದಲಾದವರ ಚಿತ್ರಗಳೂ ಇಂಥದೇ ತೊಡಕಿಗೆ ಸಿಲುಕಿದವು. ಮಾಲ್‌ಜ್ಯಾಕ್ ಸಂಸ್ಥೆಯು ಎಂ.ಪಿ.ಎ.ಎ. ವಿರುದ್ಧ ವಾಷಿಂಗ್ಟನ್ನಿನ ನ್ಯಾಯಾಲಯದಲ್ಲಿ ದಾವೆ ಹೂಡಿತು. ಸಂಘದ ಸದಸ್ಯರಲ್ಲದವರ ಚಿತ್ರಕ್ಕೆ ತಾರತಮ್ಯ ನಡೆದಿದೆ ಎಂಬುದು ಅದರ ಆರೋಪ. ನಿರ್ಮಾಪಕರ ಹಾಗೂ ವಿಮರ್ಶಕರ ಒತ್ತಡ ಹೆಚ್ಚಿ, ಆ ವರ್ಷದ ಸೆಪ್ಟೆಂಬರ್ ತಿಂಗಳಲ್ಲಿ ಸಂಘವು 'ಎಕ್ಸ್' ಅನ್ನು ಕೈಬಿಟ್ಟು 'ಎನ್‌ಸಿ-17' ಎಂಬ ಹೊಸ ದರ್ಜೆಯನ್ನು ತಂದಿತು. ಈ ಬಾರಿ ಚಿಹ್ನೆಯನ್ನು ನೋಂದಾಯಿಸಲು ಮರೆಯಲಿಲ್ಲ. ದಾವೆ ಮಾತ್ರ 1995ರಲ್ಲಿಯೂ ಮೇಲ್ಮನವಿ ನ್ಯಾಯಾಲಯದ ಮುಂದಿತ್ತು. ವ್ಯಾಜ್ಯದ ವಸ್ತುವಾದ ದರ್ಜೆಯೇ ಇಲ್ಲವಾಗಿ ಐದು ವರ್ಷ ಕಳೆದಿತ್ತು!

ಭಾರತದಲ್ಲಿ ವ್ಯವಸ್ಥೆ ಬೇರೆ. 1952ರ ಸಿನೆಮಟೋಗ್ರಾಫ್ ಕಾಯಿದೆಯ ಪ್ರಕಾರ ಪ್ರಮಾಣಪತ್ರವಿಲ್ಲದೆ ಯಾವ ಚಿತ್ರವನ್ನೂ ಸಾರ್ವಜನಿಕವಾಗಿ ತೋರಿಸುವಂತಿಲ್ಲ. ಮಂಡಳಿಯ ಪ್ರಾದೇಶಿಕ ಕಚೇರಿಗಳಲ್ಲಿ ಒಂದು ಬೆಂಗಳೂರಿನಲ್ಲಿದೆ. ಮಂಡಳಿಯ ತೀರ್ಮಾನದ ಮೇಲೆ ಮೇಲ್ಮನವಿ ಕೇಳುತ್ತಿದ್ದ ನ್ಯಾಯಮಂಡಳಿಯನ್ನು 2021ರಲ್ಲಿ ರದ್ದುಪಡಿಸಿದ್ದರಿಂದ ಈಗ ಉಚ್ಚ ನ್ಯಾಯಾಲಯಕ್ಕೇ ಹೋಗಬೇಕು. 'ಎ' ಪ್ರಮಾಣಪತ್ರದ ಚಿತ್ರವನ್ನು ಟಿ.ವಿ.ಯಲ್ಲಿ ಬಿತ್ತರಿಸುವಂತಿಲ್ಲವಾದ್ದರಿಂದ ನಮ್ಮ ನಿರ್ಮಾಪಕನಿಗೂ ಒಂದು ಅಕ್ಷರದ ಬೆಲೆ ಚೆನ್ನಾಗಿ ಗೊತ್ತು. ಟಿ.ವಿ. ಪ್ರಸಾರಕ್ಕಾಗಿ ಪ್ರತ್ಯೇಕ ಪ್ರಮಾಣಪತ್ರ ಪಡೆಯುವ ಅವಕಾಶವನ್ನು 2023ರ ತಿದ್ದುಪಡಿಯು ಕಲ್ಪಿಸಿದೆ.

ಮಿಶ್ರ ಪ್ರತಿಕ್ರಿಯೆಯ ಮೌಲ್ಯ

ಚಿತ್ರವನ್ನು ನೋಡಿದವರು ಎರಡು ಪಕ್ಷವಾದರು. ಒಂದು ಪಕ್ಷದವರಿಗೆ ಅದು ಅಸಹ್ಯ. ಹೆಂಗಸರ ಮೇಲಿನ ಕ್ರೌರ್ಯವನ್ನು ಖಂಡನೆಯ ಒಂದು ಮಾತೂ ಇಲ್ಲದೆ ತೋರಿಸಿ ಹಣ ಮಾಡುವ ಯತ್ನ. ಇನ್ನೊಂದು ಪಕ್ಷದವರ ವಾದ ಇದಕ್ಕೆ ವಿರುದ್ಧ. ಕೊಲೆಗಳ ಎಣಿಕೆ ಹೆಚ್ಚಿರುವ ಎಷ್ಟೋ ಚಿತ್ರಗಳು 'ಆರ್' ದರ್ಜೆ ಪಡೆದು ಹದಿಹರೆಯದವರನ್ನು ರಂಜಿಸುತ್ತಿವೆ. ಕೊಲೆಯನ್ನು ರಂಜನೆಯಾಗಿಸದ ಚಿತ್ರಕ್ಕೆ ಮಾತ್ರ ಬಹಿಷ್ಕಾರವೇ ಎಂದು ಅವರು ಕೇಳಿದರು. ಪ್ರಸಿದ್ಧ ವಿಮರ್ಶಕ ರೋಜರ್ ಈಬರ್ಟ್ 1990ರಲ್ಲಿ ಚಿತ್ರವನ್ನು ಎತ್ತಿಹಿಡಿದು ಬರೆದರು. ಸ್ವತಂತ್ರ ಚಿತ್ರಗಳಿಗೆ ಮೀಸಲಾದ ಇಂಡಿಪೆಂಡೆಂಟ್ ಸ್ಪಿರಿಟ್ ಪ್ರಶಸ್ತಿಗೆ ಹಲವು ವಿಭಾಗಗಳಲ್ಲಿ ನಾಮನಿರ್ದೇಶನವೂ ಆಯಿತು. ಬ್ರಿಟನ್ನಿನಲ್ಲಿ ಮಾತ್ರ ಕತ್ತರಿ ಪ್ರಯೋಗ ಬಹುಕಾಲ ಮುಂದುವರಿಯಿತು. ಅಲ್ಲಿ ವಿಡಿಯೋ ಬಿಡುಗಡೆಯ ಸಮಯದಲ್ಲಿ ಕುಟುಂಬದ ಕೊಲೆಯ ದೃಶ್ಯದ ಅನುಕ್ರಮವನ್ನೇ ಬದಲಿಸಲಾಯಿತು. ಪೂರ್ಣ ಚಿತ್ರಕ್ಕೆ ಅನುಮತಿ ದೊರೆತದ್ದು 2003ರಲ್ಲಿ.

ಲೇಖಕನ ಅಭಿಪ್ರಾಯದಲ್ಲಿ ಎರಡೂ ಪಕ್ಷಗಳು ಪೂರ್ತಿ ಸರಿಯಲ್ಲ. ಚಿತ್ರವು ಪ್ರಾಮಾಣಿಕವೆಂಬುದು ನಿಜ. ಹಣ ಕೊಟ್ಟವರು ಪ್ರಾಮಾಣಿಕತೆಗಾಗಿ ಕೊಡಲಿಲ್ಲವೆಂಬುದೂ ಅಷ್ಟೇ ನಿಜ. ಜೀವಂತ ಕೈದಿಯೊಬ್ಬನ ಹೆಸರಿನ ನೆರಳನ್ನು, ಅವನ ಸಂಬಂಧದ ಸುದ್ದಿಯು ಬಿಸಿಯಾಗಿದ್ದಾಗಲೇ ಬಳಸಿಕೊಂಡದ್ದು ವ್ಯಾಪಾರದ ಲೆಕ್ಕವೇ ಆಗಿತ್ತು.

ಇನ್ನು ಗಳಿಕೆ. ಚಿತ್ರಮಂದಿರಗಳಲ್ಲಿ ಸುಮಾರು 6 ಲಕ್ಷ 10 ಸಾವಿರ ಡಾಲರ್ ವಸೂಲಾಯಿತು. ಬಂಡವಾಳದ ಐದೂವರೆ ಪಟ್ಟು ಎಂದು ಹಿಗ್ಗುವ ಮೊದಲು, ಇದು ಗಲ್ಲಾಪೆಟ್ಟಿಗೆಯ ಒಟ್ಟು ಮೊತ್ತವೆಂಬುದನ್ನು ನೆನಪಿಡಬೇಕು. ಇದರಲ್ಲಿ ಪ್ರದರ್ಶಕನ ಪಾಲು ಕಳೆದು, ಪ್ರಿಂಟು-ಜಾಹೀರಾತಿನ ಖರ್ಚು ಕಳೆದು, ವಿತರಕನ ದಲ್ಲಾಳಿ ಕಳೆದ ಮೇಲೆ ಉಳಿಯುವುದಷ್ಟೇ ನಿರ್ಮಾಪಕನದು. ಮರುವರ್ಷ, 1991ರಲ್ಲಿ, ಸರಣಿ ಹಂತಕರ ಕಥೆಯನ್ನೇ ಆಧರಿಸಿದ 'ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್' ಸುಮಾರು 1 ಕೋಟಿ 90 ಲಕ್ಷ ಡಾಲರ್ ವೆಚ್ಚದಲ್ಲಿ ಬಂದು, ಜಗತ್ತಿನಾದ್ಯಂತ 27 ಕೋಟಿ ಡಾಲರಿಗೂ ಮಿಗಿಲಾಗಿ ಗಳಿಸಿ, ಐದು ಆಸ್ಕರ್ ಪ್ರಶಸ್ತಿಗಳನ್ನು ಪಡೆಯಿತು. ಅದರಲ್ಲಿ ಹಂತಕನನ್ನು ಹುಡುಕುವ ಜಾಣೆ ಅಧಿಕಾರಿಣಿಯಿದ್ದಳು; ಪ್ರೇಕ್ಷಕನಿಗೆ ಹಿಡಿದುಕೊಳ್ಳಲು ಒಂದು ಕೈ ಸಿಕ್ಕಿತು. ದರ್ಜೆಯೂ 'ಆರ್' ಆಗಿತ್ತು.

ಆದರೆ ಅಲಿ ಸಹೋದರರ ಲೆಕ್ಕವನ್ನು ಚಿತ್ರಮಂದಿರದ ವಸೂಲಿಯಿಂದಷ್ಟೇ ಅಳೆಯಲಾಗದು. ಚಿತ್ರದ ಹಕ್ಕನ್ನು ಅವರು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ; ವಿಡಿಯೋ ಮಾರಾಟದ ಜಾಲ ಅವರದೇ ಆಗಿತ್ತು. ಚಿತ್ರಮಂದಿರದ ಬಿಡುಗಡೆ, ವಿಮರ್ಶಕರ ಜಗಳ, ನ್ಯಾಯಾಲಯದ ಸುದ್ದಿ ಇವೆಲ್ಲವೂ ಅವರ ಕ್ಯಾಸೆಟ್ಟಿಗೆ ಪುಕ್ಕಟೆ ಜಾಹೀರಾತಾದವು. ಎಲ್ಲರೂ ಹೊಗಳಿದ ಅಥವಾ ಎಲ್ಲರೂ ತೆಗಳಿದ ಚಿತ್ರದ ಮಾತು ವಾರದಲ್ಲಿ ಮುಗಿಯುತ್ತದೆ. ವಾದ ನಡೆಯುತ್ತಿರುವ ಚಿತ್ರವನ್ನು ಸ್ವತಃ ನೋಡಿ ತೀರ್ಮಾನಿಸಬೇಕೆಂಬ ಕುತೂಹಲ ಹುಟ್ಟುತ್ತದೆ. ಬಾಡಿಗೆ ಅಂಗಡಿಯ ವ್ಯಾಪಾರವು ಬಹುಮಟ್ಟಿಗೆ ಈ ಕುತೂಹಲವನ್ನೇ ನೆಚ್ಚಿತ್ತು. ಕ್ಯಾಸೆಟ್ ಹೋಗಿ ಡಿ.ವಿ.ಡಿ., ಡಿ.ವಿ.ಡಿ. ಹೋಗಿ ಬ್ಲೂ-ರೇ ಬಂದಾಗ ಅದೇ ಮಾಲನ್ನು ಹೊಸ ಪೊಟ್ಟಣದಲ್ಲಿ ಮತ್ತೆ ಮತ್ತೆ ಮಾರಲು ಹಕ್ಕು ಕೈಯಲ್ಲಿದ್ದುದರಿಂದಲೇ ಸಾಧ್ಯವಾಯಿತು.

ಚಿತ್ರದಲ್ಲಿ ದುಡಿದವರಿಗೂ ಪ್ರತಿಫಲ ಬೇರೆ ದಾರಿಯಿಂದ ಬಂದಿತು. ಮೆಕ್‌ನಾಟನ್‌ಗೆ ರಾಬರ್ಟ್ ಡಿ ನೀರೊ ಮತ್ತು ಬಿಲ್ ಮರ್ರಿ ನಟಿಸಿದ 'ಮ್ಯಾಡ್ ಡಾಗ್ ಅಂಡ್ ಗ್ಲೋರಿ'ಯನ್ನು ನಿರ್ದೇಶಿಸುವ ಅವಕಾಶ ಒದಗಿ, ಅದು 1993ರಲ್ಲಿ ತೆರೆಕಂಡಿತು. ಒಂದೇ ಜಾಕೀಟಿನ ರೂಕರ್ ಹಾಲಿವುಡ್ಡಿನ ಬೇಡಿಕೆಯ ಪೋಷಕ ನಟನಾದನು.

1996ರಲ್ಲಿ ಬಂದ ಎರಡನೆಯ ಭಾಗವನ್ನು ಅದೇ ಚಕ್ ಪರೆಲ್ಲೊ ನಿರ್ದೇಶಿಸಿದನು. ಮೆಕ್‌ನಾಟನ್ ಇಲ್ಲ, ರೂಕರ್ ಇಲ್ಲ, ಹೆಸರೊಂದೇ ಇತ್ತು. ಮೊದಲನೆಯದರ ಮನ್ನಣೆ ಅದಕ್ಕೆ ದೊರೆಯಲಿಲ್ಲ. ಮೂಲ ಚಿತ್ರದ 16 ಮಿಲಿಮೀಟರ್ ನೆಗೆಟಿವ್‌ನಿಂದ ಹೊಸದಾಗಿ ಡಿಜಿಟಲ್ ಪ್ರತಿ ತೆಗೆದು, ಮೂವತ್ತು ವರ್ಷಗಳ ನೆನಪಿನಲ್ಲಿ 2016ರಲ್ಲಿ ಚಿತ್ರಮಂದಿರಗಳಿಗೆ ಮರಳಿ ಕಳುಹಿಸಲಾಯಿತು. ಕಳುಹಿಸಿದ ಡಾರ್ಕ್ ಸ್ಕೈ ಫಿಲ್ಮ್ಸ್, ಒಮ್ಮೆ ಅದನ್ನು ಕಪಾಟಿನಲ್ಲಿಟ್ಟಿದ್ದ ಎಂ.ಪಿ.ಐ.ನ ಒಂದು ವಿಭಾಗವೇ ಆಗಿದೆ.